ಮೀನೆಣ್ಣೆ ಹಚ್ಚಿದ ಕಂಪ್ಯೂಟರ್

ಹಳೇ ಕಂಪ್ಯೂಟರಿನ ಪಿಕ್ಚರ್ ಟ್ಯೂಬ್ ಎಂದರೆ ನನಗೆ ಈಗಲೂ ಹೆದರಿಕೆ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಅಡಗಿ ಕೂತಿರುತ್ತದೆ. ಒಮ್ಮೆ ತ್ರಾಸಿ ಊರಿನ ದೋಣಿಯ ಮಂಜಣ್ಣನ ಮನೆಯಲ್ಲಿ ಅಂಥ ಕಂಪ್ಯೂಟರೊಂದನ್ನು ರಿಪೇರಿಗೆಂದು ಬಿಚ್ಚಿದೆ. ಒಳಗೆಲ್ಲ ಮೀನೆಣ್ಣೆ!

"ಉಪ್ಪು ಗಾಳಿಗೆ ತುಕ್ಕ್ ಹಿಡಿತ್ತಲ್ದಾ? ದೋಣಿಗ್ ಹಚ್ಚಿ ಉಳ್ದಿತ್ತ್, ಇದ್ಕೂ ಹಚ್ದೆ," ಎಂದರು ಮಂಜಣ್ಣ.

ಅಷ್ಟರಲ್ಲಿ ವಾಸನೆ ಹಿಡಿದು ಬಂದ ಅವರ ಬೆಕ್ಕು ಮೇಜಿಗೆ ಹಾರಿ, ಟ್ಯೂಬಿನ ಕೆಂಪು ವೈರಿನತ್ತ ನಾಲಿಗೆ ಚಾಚಿತು. ಹಿಡಿದೆಳೆಯಲು ಕೈ ಬರಲಿಲ್ಲ. "ಅಯ್ಯೋ, ಬೆಕ್ಕು!" ಎಂದು ಕಿರುಚಿ ಗೋಡೆಗೆ ಅಂಟಿಕೊಂಡೆ. ಬೆಕ್ಕು ಬೆದರಿ ಓಡಿತು.

ಎಣ್ಣೆ ಒರೆಸಿ ತೆಗೆದ ಮೇಲೆ ಕಂಪ್ಯೂಟರ್ ಶುರುವಾಯಿತು. ನಾನು ಬಸ್ಸು ಹತ್ತಿದೆ.

ಈಗ ಮಂಜಣ್ಣ ಊರಿಗೆಲ್ಲ ಹೇಳುತ್ತಾರಂತೆ: "ರಿಪೇರಿ ಚಂದ ಮಾಡ್ತ್ರ್. ಆದ್ರೆ ಅವ್ರ್ ಬಪ್ಪುಕ್ ಮುಂಚೆ ಬೆಕ್ಕ್ ಕಟ್ಟಿ ಹಾಕಿ ಮರಾಯ್ರೆ. ಪಾಪ, ಹೆದ್ರತ್ರ್."