ಮಗು ಮೀಯಿಸುವ ಕಾಲು

ಉಪ್ಪುಂದದ ನಮ್ಮ ಕೇರಿಯಲ್ಲಿ ಮಗು ಹುಟ್ಟಿತು ಅಂದರೆ ಮೊದಲು ನನಗೇ ಕರೆ. ನಾನು ಮೀನು ಮಾರುವವಳು. ಆದರೆ ಕೇರಿಯ ಶಿಶುಗಳನ್ನೆಲ್ಲ ಮೀಯಿಸಿದ್ದು ನನ್ನ ಕಾಲ ಮೇಲೆ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ, ಎರಡೂ ಕಾಲು ಜೋಡಿಸಿ ಚಾಚಿ, ಮಗುವನ್ನು ಅದರ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು. ಎಂಥ ರಚ್ಚೆ ಹಿಡಿಯುವ ಮಗುವಾದರೂ ಅಲ್ಲಿಯೇ ಕಣ್ಣು ಮುಚ್ಚುತ್ತಿತ್ತು. ಬಡಾಯಿ ಅಲ್ಲ ಹ್ವಾಯ್, ಬೇಕಾದರೆ ಕೇರಿಯಲ್ಲಿ ಕೇಳಿ.

ಆ ಕಾಲಿಗೇ ಹುಳುಕಡ್ಡಿ ಬಂತು. ಮೀನಿನ ಪೆಟ್ಟಿಗೆಯ ಐಸು ಕರಗಿ ಸೀರೆ ಒದ್ದೆ, ಆ ಒದ್ದೆಯಲ್ಲೇ ಮಧ್ಯಾಹ್ನದವರೆಗೆ ವ್ಯಾಪಾರ. ಮೊಣಕಾಲಿನ ಕೆಳಗೆ ಬಳೆಯ ಹಾಗೆ ಕೆಂಪು ಸುತ್ತು ಎದ್ದಿತು. ತುರಿಕೆ ಅಂದರೆ ತುರಿಕೆ! ಮೀನು ಕೊಯ್ಯುವ ಕೈಯಲ್ಲಿ ಗಿರಾಕಿಯ ಎದುರು ಕೆರೆದುಕೊಳ್ಳಲಿಕ್ಕೆ ಆಗುತ್ತದಾ? ಮೆಡಿಕಲ್ ಶಾಪಿನವನಿಗೆ ಹೇಳಿದೆ. ಕಾಲನ್ನು ನೋಡಲೂ ಇಲ್ಲ, ಟ್ಯೂಬು ಕೊಟ್ಟ. ಹಚ್ಚಿದೆ, ತುರಿಕೆ ನಿಂತಿತು, ಕೆಂಪೂ ಮಾಸಿತು. ಬಿಟ್ಟೆ, ಮತ್ತೆ ಎದ್ದಿತು. ಮತ್ತೆ ಹಚ್ಚಿದೆ. ಕೇರಿಯಲ್ಲಿ ಎಲ್ಲರೂ ಹಾಗೇ ಮಾಡುವುದು.

ಅಷ್ಟರಲ್ಲಿ ಮಗಳು ಚೊಚ್ಚಲ ಹೆರಿಗೆಗೆ ಹಂಗಾರಕಟ್ಟೆಯ ಗಂಡನ ಮನೆಯಿಂದ ಬಂದಳು. ಹೆಣ್ಣು ಮಗು. ಊರ ಮಕ್ಕಳನ್ನೆಲ್ಲ ಮೀಯಿಸಿದ ಕಾಲಿಗೆ ಕೊನೆಗೂ ನನ್ನದೇ ಕುಡಿ ಬಂತಲ್ಲ ಎಂದು ಹಿಗ್ಗಿ ಹೀರೇಕಾಯಿ ಆಗಿದ್ದೆ. ಆಗ ಕಾಲಲ್ಲಿ ಕಲೆಯೂ ಕಾಣುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಗುವನ್ನು ಒರೆಸುತ್ತಿದ್ದ ಮಗಳು ಕೈ ನಿಲ್ಲಿಸಿದಳು. ಮಗುವಿನ ಹೊಟ್ಟೆಯ ಪಕ್ಕದಲ್ಲಿ ಸಣ್ಣದೊಂದು ಕೆಂಪು ಸುತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಅದು ನನ್ನ ಕಾಲಿನದೇ. ಆದರೂ ಬಾಯಿಗೆ ಬಂದದ್ದು ಬೇರೆ. "ನನ್ನ ಟ್ಯೂಬ್ ಇತ್ತ್, ಚೂರು ಹಚ್ಚುವ" ಎಂದೆ. ಮಗಳು ನನ್ನ ಸೀರೆಯನ್ನು ತಾನೇ ಎತ್ತಿ ನೋಡಿದಳು. ಸುತ್ತು ಮತ್ತೆ ಏಳುತ್ತಿತ್ತು, ಈ ಸಲ ದೊಡ್ಡದಾಗಿ.

"ಇದನ್ನ ಇಟ್ಕಂಡ್ ಮಗುನ ಮೀಸಿದ್ಯಾ ಅಮ್ಮ?"

ಕುಂದಾಪುರದ ಚರ್ಮದ ಡಾಕ್ಟರು ಟ್ಯೂಬನ್ನು ತಿರುಗಿಸಿ ನೋಡಿ ಮುಖ ಸಿಂಡರಿಸಿದರು. ಇದರಲ್ಲಿ ಸ್ಟಿರಾಯ್ಡ್ ಇದೆ, ಮೇಲಿನ ಉರಿ ಅಡಗುತ್ತದೆ, ಒಳಗೆ ಫಂಗಸ್ ಆರಾಮಾಗಿ ಬೆಳೆಯುತ್ತದೆ, ಮಗುವಿಗೆ ಇದನ್ನು ಮುಟ್ಟಿಸಲೇಬೇಡಿ ಎಂದರು. ಇಬ್ಬರಿಗೂ ಬೇರೆ ಬೇರೆ ಮುಲಾಮು ಬರೆದರು. ಸುತ್ತಿನ ಆಚೆಗೂ ಹಚ್ಚಬೇಕು, ಒದ್ದೆ ಬಟ್ಟೆಯಲ್ಲಿ ಇರಬಾರದು, ಮಾಸಿತೆಂದು ನಡುವೆ ಬಿಡಬಾರದು, ವಾಸಿಯಾಗುವ ತನಕ ಮಗುವಿಗೆ ಕಾಲು ತಾಗಿಸಬಾರದು. ಬಸ್ಸಿನಲ್ಲಿ ಬರುವಾಗ ಆ ಮೆಡಿಕಲ್ ಶಾಪಿನವನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ಅವನ ಬಾಯಿಗೆ ಮಣ್ಣು ಬೀಳಲಿ!

ಮಗಳು ಪ್ಲಾಸ್ಟಿಕ್ ಟಬ್ಬು ತರಿಸಿದಳು. ಮಗು ಅದರಲ್ಲಿ ಕೈಕಾಲು ಬಡಿದು ಅರಚುತ್ತಿತ್ತು, ನಾನು ಬಚ್ಚಲ ಬಾಗಿಲಲ್ಲಿ ನಿಂತು "ಕುತ್ತಿಗೆ ಹಿಡ್ಕ, ಕುತ್ತಿಗೆ ಹಿಡ್ಕ" ಎನ್ನುತ್ತಿದ್ದೆ. ಅವಳು ನನಗೆ ಬೆನ್ನು ಹಾಕಿ ನೀರು ಹೊಯ್ಯುತ್ತಿದ್ದಳು. ನಾನು ವ್ಯಾಪಾರದಿಂದ ಬಂದ ಕೂಡಲೇ ಕಾಲು ಒರೆಸಿ, ಒಣ ಸೀರೆ ಉಟ್ಟು ಮುಲಾಮು ಹಚ್ಚುತ್ತಿದ್ದೆ. ದೇವರಿಗೂ ಅಷ್ಟು ನೇಮದಿಂದ ದೀಪ ಇಟ್ಟವಳಲ್ಲ ನಾನು. ಮಗುವಿನ ಹೊಟ್ಟೆಯ ಸುತ್ತು ಬೇಗ ಮಾಸಿತು. ನನ್ನ ಕಾಲು ತುಂಬಾ ಸತಾಯಿಸಿತು. ತಾಯಿ ಮಗು ಹಂಗಾರಕಟ್ಟೆಗೆ ಹೊರಡುವ ದಿನ ಹತ್ತಿರ ಬಂದಾಗ ಡಾಕ್ಟರು, ಪೂರ್ತಿ ವಾಸಿಯಾಗಿದೆ, ಇನ್ನು ಮೀಯಿಸಬಹುದು ಎಂದರು. ಮಗಳೂ ಪಕ್ಕದಲ್ಲೇ ಕೂತು ಕೇಳಿದಳು.

ಹೊರಡುವ ದಿನ ಬೆಳಿಗ್ಗೆ ಮಣೆ ಹಾಕಿ ಕೂತೆ. ಕಾಲು ಚಾಚಿದೆ. ಮಗಳು ಮಗುವನ್ನು ಎತ್ತಿಕೊಂಡು ಬಂದವಳು ಬಗ್ಗಲಿಲ್ಲ, ನನ್ನ ಕಾಲನ್ನೇ ನೋಡುತ್ತ ನಿಂತಳು.

"ಎಂತ ನೋಡ್ತೆ? ಡಾಕ್ಟ್ರು ಹೇಳಿದ್ ಕೇಣ್ಲಿಲ್ಯಾ?"

"ಎಂತ ಇಲ್ಲ ಅಮ್ಮ" ಎಂದಳು. ಹೆಗಲ ಮೇಲಿದ್ದ ಟವೆಲನ್ನು ತೆಗೆದು, ಎರಡು ಮಡಿಕೆ ಮಾಡಿ ನನ್ನ ಕಾಲ ಮೇಲೆ ಹಾಸಿದಳು. ಅದರ ಮೇಲೆ ಮಗುವನ್ನು ಮಲಗಿಸಿದಳು.

ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಎಣ್ಣೆ ತಿಕ್ಕಿದೆ, ನೀರು ಹೊಯ್ದೆ. ಮಗು ಕಣ್ಣು ಮುಚ್ಚಿತು. ಟವೆಲು ನೆನೆದು ಭಾರವಾಯಿತು. ಮಗುವಿನ ಮೈ ಎಷ್ಟು ಬೆಚ್ಚಗಿದೆ ಎಂದು ನನ್ನ ಕಾಲಿಗೆ ಗೊತ್ತೇ ಆಗಲಿಲ್ಲ.