ಹೊಯ್ಸಳರು ತಿನ್ನದ ಶೇಂಗಾ

ಇತಿಹಾಸದ ಮುಂದೆ ಎಂಥವರೂ ತಲೆಬಾಗಲೇಬೇಕು. ನಾನು ತಲೆಬಾಗಿದ್ದು ಮಾತ್ರ ಚಟ್ನಿಪುಡಿಯ ಡಬ್ಬಿಯ ಮುಂದೆ. ಇವತ್ತು ಬೆಳಿಗ್ಗೆ ಹೆಂಡತಿ ಶೇಂಗಾ ಹುರಿಯತೊಡಗಿದಾಗ, ಆ ವಾಸನೆ ನನ್ನನ್ನು ಸೀದಾ ಕುವೈತಿನ ಖೈತಾನಿಗೆ, ತೊಂಬತ್ತನೆಯ ಇಸವಿಯ ಒಂದು ಶುಕ್ರವಾರಕ್ಕೆ ಒಯ್ದು ನಿಲ್ಲಿಸಿತು.

ಆಗಸ್ಟಿನಲ್ಲಿ ಬರಲಿದ್ದ ದಾಳಿಯ ಸುಳಿವು ಆಗ ಯಾರಿಗಿತ್ತು? ನಮ್ಮ ಚಿಂತೆಯೆಲ್ಲ ಹೊಯ್ಸಳರದ್ದು. ರಜೆಯ ದಿನ ಹೊಯ್ಸಳರಂತೆ ಉಟ್ಟು, ಉಂಡು, ಮರದ ಕತ್ತಿ ಬೀಸುವ ಬಳಗವೊಂದನ್ನು ಕಟ್ಟಿಕೊಂಡಿದ್ದೆವು. ವಾರವಿಡೀ ಸಬ್ಹಾನ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದ ನಾನು ಅಲ್ಲಿ ಇತಿಹಾಸದ ತರಗತಿಯ ಗುರು. ಕೈಗಡಿಯಾರ ಕಟ್ಟಿ ಬಂದ ದಂಡನಾಯಕರನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸಿದ್ದೇನೆ, ನಂಬಿ.

ಮಂಗಳೂರು ಕಡೆಯ ವನಜಕ್ಕನದು ಅಡುಗೆಯ ತರಗತಿ. ಗಂಡ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಗೋಡೆ ನೋಡಿಕೊಂಡು ಕೂರುತ್ತಿದ್ದ ಅವರಿಗೆ ವಾರಕ್ಕೊಮ್ಮೆ ಜೀವ ಬರುತ್ತಿದ್ದುದೇ ಅಲ್ಲಿ. ಅವರು ಅಡುಗೆ ಸ್ಪರ್ಧೆ ಮಾಡೋಣ ಅಂದರು. ಒಪ್ಪಿದೆ, ಒಂದು ಷರತ್ತಿನ ಮೇಲೆ: ಹೊಯ್ಸಳರು ಕಾಣದ ಪದಾರ್ಥ ಯಾರ ಎಲೆಯಲ್ಲಿ ಸಿಕ್ಕಿತೋ ಅವರ ತರಗತಿ ಬಂದ್.

“ಮೆಣಸಿನಕಾಯಿ ನಡ್ಯಂಗಿಲ್ರೀ ಅಕ್ಕಾರ. ಅದು ಪೋರ್ಚುಗೀಸರ ಹಡಗಿನ್ಯಾಗ ಬಂದದ್ದು.”

“ಎಂತದು ಮಾರಾಯ್ರೆ! ನಿಮ್ಮ ಹೊಯ್ಸಳರು ಬರೀ ಗಂಜಿ ಕುಡಿದು ಯುದ್ಧ ಮಾಡಿದ್ದಾ?”

ಬೈದರು, ಆದರೆ ಕಲಿತರು. ಖೈತಾನಿನ ಅಂಗಡಿಗಳಲ್ಲಿ ಕಾಳುಮೆಣಸು ಖಲಾಸ್.

ಸ್ಪರ್ಧೆಯ ದಿನ ಭೂತಗನ್ನಡಿ ಹಿಡಿದು ಅವರ ಎಲೆಯನ್ನು ಶೋಧಿಸಿದೆ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ನಿರಾಸೆಯನ್ನು ನುಂಗಿಕೊಂಡು, ಎಲ್ಲರಿಗೂ ಮಾದರಿಯಾಗಲೆಂದು ನಾನೇ ತಂದಿದ್ದ ಜೋಳದ ರೊಟ್ಟಿ ಮತ್ತು ಮೆಣಸಿನಕಾಯಿ ಹಾಕದ ಶೇಂಗಾ ಚಟ್ನಿಪುಡಿಯನ್ನು ಬಡಿಸಿದೆ.

ವನಜಕ್ಕ ಚೀಲದಿಂದ ಮಗಳ ಭೂಗೋಳದ ಪುಸ್ತಕ ತೆಗೆದರು. “ಇಲ್ಲೊಮ್ಮೆ ನೋಡಿ. ನೆಲಕಡಲೆ ಎಲ್ಲಿಂದ ಬಂದದ್ದು? ದಕ್ಷಿಣ ಅಮೆರಿಕದಿಂದ. ಅದೂ ನಿಮ್ಮ ಹಡಗಿನಲ್ಲೇ ಬಂದದ್ದು ಮಾರಾಯ್ರೆ!”

ಬಾಯಿಗೆ ಹೊರಟ ತುತ್ತು ಅರ್ಧದಲ್ಲೇ ನಿಂತಿತು. ಶೇಂಗಾ ಪರದೇಶಿಯೇ? ಹಾಗಿದ್ದರೆ ಗದಗಿನ ನಮ್ಮ ಹೊಲ? ನಮ್ಮಜ್ಜಿಯ ಹೋಳಿಗೆ? ಪೊಲೀಸರ ಮುಂದೆ ವಾಸದ ಪರವಾನಗಿಯಾದ ಇಕಾಮಾ ಇಲ್ಲದೆ ಸಿಕ್ಕಿಬಿದ್ದವನಂತೆ ನಿಂತುಬಿಟ್ಟೆ. ಆಗಸ್ಟಿನಲ್ಲೂ ದಂಗಾದೆ, ನಿಜ. ಆದರೆ ಆಗ ಜೊತೆಗೆ ಊರಿಗೆ ಊರೇ ಇತ್ತು. ಈ ಆಘಾತಕ್ಕೆ ನಾನೊಬ್ಬನೇ.

“ಪುಡಿಗೆ ಖಾರ ಹಾಕ್ಲೇನ್ರಿ?” ಶೇಂಗಾ ಹುರಿದು ಮುಗಿಸಿದ ಹೆಂಡತಿ ಈಗ ಒಳಗಿನಿಂದ ಕೇಳಿದಳು.

“ಹಾಕು. ಎರಡೂ ಒಂದೇ ಹಡಗಿನವು.”

ಅಂದು ವನಜಕ್ಕನಿಗೆ ಮೊದಲ ಬಹುಮಾನ ಬಂತು. ನನ್ನ ಇತಿಹಾಸದ ತರಗತಿ ಬಂದ್ ಆಯಿತು. ಅದರಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದರು.