ಅಂಟುವಾಳದಲ್ಲಿ ತೊಳೆದ ಚಿನ್ನದ ವಾಚು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ವಾಚು ಕೆಟ್ಟದ್ದು ನನ್ನ ಬಾಯಿಯಿಂದ, ಅದೂ ನಮ್ಮ ಮಾಲೀಕರ ದನಿಯಲ್ಲಿ. ಕೋವಿಡ್ ಮುಗಿದ ಮರುವರ್ಷ ನಾನು ಹಿಮಾಯತ್‌ನಗರದ ಒಂದು ಅಂಗಡಿಯಲ್ಲಿ ಸಹಾಯಕ. ಹಳೆಯ ಚಿನ್ನದ ಕೈಗಡಿಯಾರಗಳನ್ನು ಸಂಗ್ರಾಹಕರಿಗೆ ಕೊಡಿಸುವುದು ಅಂಗಡಿಯ ಕಸುಬು. ಫೋಟೊ ತೆಗೆದು ಫೋನು ಎತ್ತುವುದು ನನ್ನದು. ಮಾಲೀಕರಾದ ರಶೀದ್ ಸಾಹೇಬರು ಬೀದರಿನವರು, ಬಾಯಿ ತೆರೆಯುವ ಮೊದಲು ಕೆಮ್ಮುವವರು. ಆ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದವನು ನಾನು.

ಮೆಹದಿಪಟ್ಟಣಂನಿಂದ ಶಾಂತಾಬಾಯಿ ಎಂಬ ಕಲಬುರಗಿ ಕಡೆಯ ಹೆಂಗಸು ಬಂದರು. ತಂದದ್ದು ಮಾವನಿಂದ ಗಂಡನಿಗೆ ಬಂದಿದ್ದ ಹದಿನೆಂಟು ಕ್ಯಾರೆಟ್ಟಿನ ಸ್ವಿಸ್ ವಾಚು. ಗಂಡ ಹೋದಮೇಲೂ ಅದಕ್ಕೆ ದಿನಾ ಬೆಳಿಗ್ಗೆ ಇವರೇ ಕೀಲಿ ಕೊಡುತ್ತಿದ್ದರು. ಮನೆಯ ಪಾಲಿನಲ್ಲಿ ಮೈದುನ ಅದನ್ನು ಕರಗಿಸೋಣ ಎಂದಿದ್ದ. ಸಂಗ್ರಾಹಕರು ಯಾರಾದರೂ ಕೊಂಡರೆ ಸರಿ, ಇಲ್ಲದಿದ್ದರೆ ಅಕ್ಕಸಾಲಿಗನ ಮೂಸೆಗೆ ಎಂಬ ಒಪ್ಪಂದವಾಗಿತ್ತು.

"ನನ್ನ ಕೈಯಾಗ ಇರದಿದ್ರೂ ಚಿಂತಿಲ್ರಿ, ಎಲ್ಯಾರ ಅದು ನಡೀತಿರ್ಲಿ," ಎಂದರು.

ನಾನು ಫೋಟೊ ತೆಗೆದುಕೊಂಡೆ, ವಾಚು ಅವರ ಜೊತೆಯೇ ಮನೆಗೆ ಹೋಯಿತು. ಮಿಯಾಪುರದ ಸಂಗ್ರಾಹಕರೊಬ್ಬರು ಫೋಟೊ ನೋಡಿ ಶನಿವಾರ ಬರುತ್ತೇನೆಂದರು. ಈ ಜನಕ್ಕೆ ಹೊಳಪು ಬೇಡ. ಡಯಲ್ ಹಳದಿಗಟ್ಟಿರಬೇಕು, ಕೇಸ್ ಅಂದರೆ ಹೊರಕವಚದ ಮೇಲೆ ಹಳೆಯ ಗೀರುಗಳು ಇದ್ದಲ್ಲೇ ಇರಬೇಕು. ಬೆಲೆ ಇರುವುದೇ ಅದಕ್ಕೆ. "ಶಾಂತಾಬಾಯಿಗೆ ಫೋನ್ ಮಾಡು, ಬಟ್ಟೀಲೆ ಸುದ್ದಾ ಒರಸಬ್ಯಾಡ್ರಿ ಅಂತ ಹೇಳು," ಎಂದು ಸಾಹೇಬರು ನಮಾಜಿಗೆ ಹೋದರು.

ಅವರು ಮರಳುವ ಹೊತ್ತಿಗೆ ನಾನು ಫೋನು ಹಚ್ಚಿ ಕೆಮ್ಮಿದೆ. ಸಾಹೇಬರಾದೆ. "ಬಾಯೀ, ಕನ್ಯಾ ತೋರಸೋವಾಗ ಹ್ಯಾಂಗ ಸಿಂಗಾರ ಮಾಡ್ತೀರಿ, ಹಂಗ ವಾಚಿಗೂ ಜಳಕಾ ಮಾಡ್ಸಿ ತರ್ರಿ." ಅವರು ನಕ್ಕಮೇಲೆ ನಿಜ ಹೇಳುವುದೆಂದಿದ್ದೆ. ಅವರು ನಗಲಿಲ್ಲ, "ಹೂನ್ರಿ" ಎಂದರು. ಅಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ಕಂಡರು, ಫೋನು ಇಟ್ಟೆ. ಹಿಂದೆಯೇ ಗಿರಾಕಿಗಳು ಬಂದರು. ಮರೆತೇಬಿಟ್ಟೆ.

ಶನಿವಾರ ಶಾಂತಾಬಾಯಿ ವಾಚನ್ನು ಹೊಸ ಕರವಸ್ತ್ರದಲ್ಲಿ ಸುತ್ತಿ ತಂದರು. ಮದುವೆಗೆ ಮೊದಲು ಬಳೆ, ಸರ ತೊಳೆಯುವ ಹಾಗೆ ಅದನ್ನೂ ಅಂಟುವಾಳದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬ್ರಶ್ಶಿನಿಂದ ತಿಕ್ಕಿದ್ದರು. ಚಿನ್ನ ಫಳಫಳ ಹೊಳೆಯುತ್ತಿತ್ತು. ಗಾಜಿನೊಳಗೆ ಮಂಜು. ಡಯಲ್ಲಿನ ಬಣ್ಣ ಎದ್ದು, ಅಂಕಿಗಳಲ್ಲಿ ಮೂರೋ ನಾಲ್ಕೋ ಉಳಿದಿದ್ದವು.

"ನೀವು ಹೇಳಿಧಾಂಗ ತೊಳದು ತಂದೀನ್ರಿ ಸಾಹೇಬ್ರ."

"ನಾ ಯಾವಾಗ ಹೇಳೀನ್ರಿ ಬಾಯಿ?" ಎಂದ ಸಾಹೇಬರು ಕೆಮ್ಮಲಿಲ್ಲ. ನನ್ನ ಕಡೆ ತಿರುಗಿದರು.

ಸಂಗ್ರಾಹಕರು ಮಸೂರ ಹಚ್ಚಿ ನೋಡಿ, ವಾಚನ್ನು ಮೆಲ್ಲಗೆ ಕೆಳಗಿಟ್ಟರು. "ಅಬ್ ಯೇ ಘಡೀ ನಹೀ, ಸೋನಾ ಹೈ." ಇನ್ನು ಇದು ಗಡಿಯಾರವಲ್ಲ, ಬರೀ ಚಿನ್ನ. ಸಾಹೇಬರು ಬೆನ್ನಿನ ಮುಚ್ಚಳ ತೆಗೆದು ಯಂತ್ರ ಒಣಗಿಸಿ ಎಣ್ಣೆ ಬಿಟ್ಟರು. ಅದು ಒಂದಿಷ್ಟು ಹೊತ್ತು ಟಿಕ್ ಎಂದಿತು. ಶಾಂತಾಬಾಯಿ ಮುಂದಕ್ಕೆ ಬಾಗಿದರು. ನಿಂತಿತು. ಮತ್ತೆ ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ಆ ಮಾಡೆಲ್ಲಿನ ಬಿಡಿಭಾಗ ಈಗ ಸಿಗುವುದಿಲ್ಲ.

ಹೊರಗೆ ಸ್ಕೂಟರಿನಲ್ಲಿದ್ದ ಮೈದುನ ಒಳಬಂದ. "ಆತಲ್ಲ ವೈನಿ, ನಡೀರಿ. ಅಕ್ಕಸಾಲಿ ಅಂಗಡಿ ಮುಚ್ಚತಾನ."

ಹಳೆಯ ವಸ್ತುವಿನ ಎದುರು ಕೈ ಮಾತ್ರವಲ್ಲ, ನಾಲಿಗೆಯನ್ನೂ ಕಟ್ಟಿಕೊಂಡು ನಿಲ್ಲಬೇಕೆಂಬುದು ಈ ಕಸುಬಿನ ಮೊದಲ ಪಾಠ. ನಾನದನ್ನು ಕಲಿತಾಗ ಅವರು ಮೆಟ್ಟಿಲಿಳಿಯುತ್ತಿದ್ದರು. ಓಡಿಹೋಗಿ ಅಡ್ಡ ನಿಂತೆ.

"ಅಮ್ಮಾ, ಅವತ್ತು ಫೋನಿನಾಗ ಮಾತಾಡಿದ್ದು ಸಾಹೇಬ್ರಲ್ರಿ, ನಾನು. ಚಾಷ್ಟಿ ಮಾಡಾಕ ಹೋಗಿದ್ದೆ. ತಪ್ಪಾತ್ರಿ."

ಶಾಂತಾಬಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಈಗ ಮಾತಾಡಾಕತ್ತಿದ್ದು ಯಾರ ದನಿಯೋ ತಮ್ಮಾ?"